ಬಂದೂಕಿಗೊಂದು ಕುದುರೆ

ಫೆಬ್ರವರಿ 5, ಗುರುವಾರ

ತಂಗಿಯನ್ನು ಆಸ್ಪತ್ರೆಗೆ ಸೇರಿಸಿ ಬಂದೆ. ಇನ್ನೂ ಏಳು ತಿಂಗಳು ತುಂಬಿಲ್ಲ, ಆಗಲೇ ರಕ್ತದೊತ್ತಡ ಏರಿ ಕೈಕಾಲು, ಮುಖವೆಲ್ಲ ಊದಿಕೊಂಡಿದೆ. ಹೆರಿಗೆಯಾಗುವ ತನಕ ಹಾಸಿಗೆ ಬಿಟ್ಟು ಏಳುವಂತಿಲ್ಲ, ಇಲ್ಲೇ ಇರಲಿ ಎಂದರು ಡಾಕ್ಟರಮ್ಮ. ತಂಗಿಯ ಗಂಡ ರೈಲು ಓಡಿಸುವವನು. ಡ್ಯೂಟಿಗೆ ಹೋದನೆಂದರೆ ಮರುದಿನವೋ ಅದರ ಮರುದಿನವೋ ಮುಖ ತೋರಿಸುವುದು. ಹಾಗಾಗಿ ಅವರ ಮಗಳ ಭಾರ ನನ್ನ ತಲೆಗೆ ಬಿತ್ತು.

ಆ ಮಗುವಿಗೆ ಏಳು ವರ್ಷ. ಇಟ್ಟ ಹೆಸರು ಶಾಲೆಯ ಹಾಜರಿಗಷ್ಟೇ. ನಿಂತಲ್ಲಿ ನಿಲ್ಲದೆ ಗಿರ್ರನೆ ತಿರುಗುತ್ತಾಳೆಂದು ಎಲ್ಲರೂ ಕರೆಯುವುದು ಬುಗುರಿ ಎಂದೇ. ನಾನೋ ಮದುವೆಯ ಗೊಡವೆಗೇ ಹೋಗದೆ ಐವತ್ತರ ಹತ್ತಿರ ಬಂದವಳು. ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಕತ್ತರಿ ಇಟ್ಟ ಕಡೆ ಕತ್ತರಿ, ಟೇಪು ಇಟ್ಟ ಕಡೆ ಟೇಪು ಇರಬೇಕು ನನಗೆ. ಇವತ್ತು ಸಂಜೆಯೊಳಗೆ ಟೇಪು ಬಚ್ಚಲಲ್ಲಿ ಸಿಕ್ಕಿತು, ಸೀಮೆಸುಣ್ಣ ಅವಳ ಹಲ್ಲಿನ ಸಂದಿಯಲ್ಲಿ.

ಅಮ್ಮ ಯಾವಾಗ ಬರುತ್ತಾಳೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಈ ದಿನಗಳು ಬೇಗ ಕಳೆದು ನನ್ನ ಮನೆ ನನಗೆ ಸಿಕ್ಕರೆ ಸಾಕು.

ಫೆಬ್ರವರಿ 7, ಶನಿವಾರ

ತಂಗಿಯ ಮಗಳಿಗೆ ಬಂದೂಕು ಬೇಕಂತೆ.

ಆಯಿತು, ಅದರಿಂದಲಾದರೂ ಒಂದು ಕಡೆ ಕೂರುತ್ತಾಳೆ ಎಂದು ಪೇಟೆಗೆ ಕರೆದುಕೊಂಡು ಹೋದೆ. ಆಟಿಕೆ ಅಂಗಡಿಯವನು ಪ್ಲಾಸ್ಟಿಕ್ಕಿನವು ತೆಗೆದು ತೋರಿಸಿದ. ಒಂದು ನೀರು ಚಿಮ್ಮುತ್ತದೆ, ಒಂದು ಹಾಡು ಹಾಡುತ್ತದೆ, ಇನ್ನೊಂದರ ಬಾಯಲ್ಲಿ ಬಣ್ಣದ ದೀಪ. ಬದನೆಕಾಯಿ ಆರಿಸುವ ಮುದುಕಿಯ ಹಾಗೆ ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟಳು. ಇವೆಲ್ಲ ಆಟದ್ದು, ನನಗೆ ಬೇಕಾಗಿರುವುದು ಮರದ್ದು, ಉದ್ದದ್ದು, ಹೆಗಲಿಗೆ ಹಾಕಿಕೊಳ್ಳುವಂಥದ್ದು ಎಂದಳು. ಯಾಕೆ ಎಂದು ಕೇಳಿದರೆ ದೊಡ್ಡ ಅಧಿಕಾರಿಯ ಹಾಗೆ, ಕೆಲಸ ಇದೆ ಎಂದುಬಿಟ್ಟಳು.

ನಾನಿರುವುದು ಮಹಡಿಯಲ್ಲಿ. ಕೆಳಗೆ ಒಬ್ಬ ಬಡಗಿಯ ಅಂಗಡಿ. ಅವನ ಗರಗಸದ ಸದ್ದಿಗೆ ನಾನು, ನನ್ನ ಹೊಲಿಗೆ ಯಂತ್ರದ ಸದ್ದಿಗೆ ಅವನು ಗೊಣಗಿಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ್ದೇವೆ. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲೇ. ಆದರೂ ಹೋಗಿ ಕೇಳಿದೆ. ಮಕ್ಕಳ ಕೈಗೆ ಬಂದೂಕು ಮಾಡಿಕೊಡುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ. ಆಮೇಲೆ, ಪಾಪ, ಸಮಾಧಾನಕ್ಕೆಂದೇ ಇರಬೇಕು, ಇನ್ನೊಂದು ಮಾತು ಸೇರಿಸಿದ.

"ಬೇಕಾದ್ರೆ ತೊಟ್ಟಿಲು ಮಾಡ್ಕೊಡ್ತೀನಿ. ನಿಮ್ಮ ತಂಗಿಗೆ ಬೇಕಾಗತ್ತಲ್ಲ."

ತೊಟ್ಟಿಲಿನ ಮಾತನ್ನು ಈ ಸಲ ನಮ್ಮಲ್ಲಿ ಯಾರೂ ಎತ್ತಿಲ್ಲ. ಎರಡು ವರ್ಷದ ಹಿಂದೆ ಹುಟ್ಟಿದ ಕೂಸು ಹುಟ್ಟಿದ ದಿನವೇ ಹೋಯಿತು. ಆಗ ತಂದಿದ್ದ ತೊಟ್ಟಿಲನ್ನು ತಂಗಿಯ ಗಂಡ ಯಾರಿಗೋ ಕೊಟ್ಟುಬಿಟ್ಟ. ನಾನು ಮೆಟ್ಟಿಲು ಹತ್ತಿದೆ. ಬುಗುರಿ ಹಿಂದಿನಿಂದ ಸೆರಗು ಜಗ್ಗಿ, ಹಾಗಾದರೆ ನೀನೇ ಮಾಡು ದೊಡ್ಡಮ್ಮ ಎಂದಳು.

ನಾನು ಮಾಡುವುದಂತೆ. ಚೆನ್ನಾಗಿದೆ.

ಫೆಬ್ರವರಿ 8, ಭಾನುವಾರ

ಸುಮ್ಮನೆ ತಮಾಷೆಗೆ ಅಳತೆ ತೆಗೆದೆ. ಕಂಕುಳಿಂದ ಬೆರಳ ತುದಿ, ಹೆಗಲಿಂದ ಸೊಂಟ. ರವಿಕೆಗೆ ನಿಲ್ಲುವ ಹೆಂಗಸರು ಅಷ್ಟು ಅಲ್ಲಾಡದೆ ನಿಂತದ್ದನ್ನು ನಾನು ನೋಡಿಲ್ಲ. ಬುಗುರಿ ಉಸಿರು ಬಿಗಿಹಿಡಿದು ನಿಂತಿದ್ದಳು.

ಆಮೇಲೆ ಹಳೆಯ ಪೇಪರು ಹಾಸಿ ನಮೂನೆ ಕತ್ತರಿಸಿದೆ. ಕೈಗೆ ಅಂಟಿದ ಅಭ್ಯಾಸ ಬಿಡುತ್ತದೆಯೇ? ಸುತ್ತಲೂ ಹೊಲಿಗೆಗೆಂದು ಅಂಚು ಬಿಟ್ಟುಬಿಟ್ಟೆ. ಬಂದೂಕು ಹೋಗಿ ದಪ್ಪ ಕುಂಬಳಕಾಯಿಗೆ ಬಾಲ ಹುಟ್ಟಿದಂತಾಯಿತು. ಇಬ್ಬರೂ ನೆಲದ ಮೇಲೆ ಬಿದ್ದು ನಕ್ಕೆವು. ಎರಡನೆಯದು ಚೆನ್ನಾಗಿ ಬಂತು. ಬೆಳೆಯುವ ಮಗು, ಒಂದಿಷ್ಟು ಒಳಗೆ ಮಡಚಿಡಿ ಎನ್ನುತ್ತಾರೆ ಸಮವಸ್ತ್ರ ಹೊಲಿಸುವ ತಾಯಂದಿರು. ಮರವನ್ನು ಮಡಚಿಡುವುದು ಹೇಗೆ? ಕೊನೆಗೆ ನಾಲ್ಕು ಬೆರಳಿನಷ್ಟು ಉದ್ದವನ್ನೇ ಜಾಸ್ತಿ ಇಟ್ಟೆ.

ಕಾಗದದ ಬಂದೂಕನ್ನು ಹೆಗಲ ಮೇಲಿಟ್ಟುಕೊಂಡು ಅವಳು ಕನ್ನಡಿಯ ಮುಂದೆ ನಡೆದಳು. ನಾನೂ ನೋಡುತ್ತಾ ನಿಂತೆ. ಮೂರು ಗಿರಾಕಿಗಳ ಬಟ್ಟೆ ಹಾಗೇ ಉಳಿಯಿತು.

ಫೆಬ್ರವರಿ 10, ಮಂಗಳವಾರ

ಸಂಜೆ ಆಸ್ಪತ್ರೆಗೆ ಹೋಗಿದ್ದೆವು. ತಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ಮಗಳನ್ನು ಕಂಡು ನಕ್ಕಳು. ಬುಗುರಿ ಮಾತ್ರ ಅಮ್ಮನ ಹತ್ತಿರ ಕೂರಲಿಲ್ಲ. ವಾರ್ಡಿನ ಬಾಗಿಲು ಎಲ್ಲೆಲ್ಲಿವೆ, ಕಿಟಕಿಗೆ ಸರಳಿದೆಯೇ, ಮೆಟ್ಟಿಲು ಎತ್ತ ಇಳಿಯುತ್ತದೆ ಎಂದೆಲ್ಲ ಸುತ್ತಿ ನೋಡಿಕೊಂಡು ಬಂದಳು. ಮನೆ ಬಾಡಿಗೆಗೆ ಹಿಡಿಯುವವಳ ಹಾಗೆ ನೋಡುತ್ತಾಳಲ್ಲ ಎಂದು ತಂಗಿಗೆ ನಗು.

ಬಸ್ಸಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು:

"ಹೋದ ಸಲ ಆಸ್ಪತ್ರೇಲಿ ಪಾಪೂನ ಕಳಕೊಂಡ್ರಲ್ಲ ದೊಡ್ಡಮ್ಮ, ಆಗ ಬಾಗಿಲಲ್ಲಿ ಯಾರು ಕಾಯ್ತಾ ಇದ್ರು?"

ಕಳಕೊಂಡೆವು. ಹೌದು, ಮಗುವನ್ನು ಕಳಕೊಂಡೆವು ಎಂದೇ ಎಲ್ಲರಿಗೂ ಹೇಳಿದ್ದು. ಸತ್ತಿತು ಎನ್ನಲು ಬಾಯಿ ಬರಲಿಲ್ಲ ಯಾರಿಗೂ. ಒಂದು ಪೆನ್ಸಿಲ್ಲು ಕಳೆದುಕೊಂಡು ಬಂದರೆ ಗದರುವ ದೊಡ್ಡವರು, ಒಂದಿಡೀ ಪಾಪುವನ್ನು ಕಳೆದುಕೊಂಡು, ಹುಡುಕಲೂ ಹೋಗದೆ ಮನೆಗೆ ಬಂದು ಕೂತರಲ್ಲ ಎಂದು ಈ ಮಗು ಎರಡು ವರ್ಷದಿಂದ ಯೋಚಿಸುತ್ತಿದೆ. ಅದಕ್ಕೇ ಬಂದೂಕು.

ನಾನು ಕಿಟಕಿಯಾಚೆ ನೋಡಿದೆ.

ಫೆಬ್ರವರಿ 11, ಬುಧವಾರ

ಬೆಳಿಗ್ಗೆ ತಲೆ ಬಾಚುತ್ತಾ ಹೇಳಿಬಿಟ್ಟೆ. ಮುಖ ಕಾಣದಿದ್ದರೆ ಹೇಳುವುದು ಸುಲಭ. ಆ ಪಾಪು ಕಳೆದುಹೋದದ್ದಲ್ಲ, ಯಾರೂ ಕದ್ದದ್ದೂ ಅಲ್ಲ, ಅದು ತೀರ ಚಿಕ್ಕದಿತ್ತು, ಉಸಿರಾಡಲು ಬರಲಿಲ್ಲ, ಸತ್ತುಹೋಯಿತು ಎಂದೆ. ಒಂದು ಜಡೆ ಮುಗಿಯಿತು.

ಸಾಯದ ಹಾಗೆ ನೋಡಿಕೊಳ್ಳಬೇಕಾದವರು ಯಾರು ಎಂದು ಕೇಳಿದಳು. ಡಾಕ್ಟರು, ನರ್ಸಮ್ಮಂದಿರು ಎಂದೆ.

"ಅವರು ಆಗ್ಲೂ ಇದ್ರಲ್ಲ," ಎಂದಳು. "ಈ ಸಲ ಇನ್ನೊಬ್ರು ಇರ್ಬೇಕು."

ಎರಡನೆಯ ಜಡೆ ಸೊಟ್ಟಗಾಯಿತು.

ಬಂದೂಕು ಮಾಡುತ್ತೇನೆ. ಬಡಗಿ ಬಂದರೂ ಸರಿ, ಬಾರದಿದ್ದರೂ ಸರಿ.

ಫೆಬ್ರವರಿ 14, ಶನಿವಾರ

ಎಂಥ ದಿನ! ಬೆರಳೆಲ್ಲ ಬೊಬ್ಬೆ, ಪೆನ್ನು ಹಿಡಿಯಲಾಗುತ್ತಿಲ್ಲ, ಆದರೂ ಬರೆಯದೆ ಇರಲಾರೆ.

ಮರ ಎಲ್ಲಿಂದ ಎಂಬ ಚಿಂತೆ ಬೆಳಿಗ್ಗೆಯೇ ತೀರಿತು. ನನ್ನ ಹಳೆಯ ಇಸ್ತ್ರಿ ಮೇಜಿನ ಹಲಗೆ ಮಂಚದ ಕೆಳಗೆ ಬಿದ್ದಿತ್ತು. ವರ್ಷಗಟ್ಟಲೆ ಇಸ್ತ್ರಿಯ ಕಾವು ಕುಡಿದು ಮೂಳೆಯಂತೆ ಒಣಗಿದೆ. ನಳಿಗೆಗೆ ಕಿಟಕಿಯ ಪರದೆ ಕಟ್ಟುವ ಮರದ ಕೋಲು. ಪರದೆಯನ್ನು ಮೊಳೆಗೆ ಸಿಕ್ಕಿಸಿದೆ, ಯಾರಿಗೇನು. ಕಾಗದದ ನಮೂನೆಯನ್ನು ಹಲಗೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಇಲ್ಲಿಯವರೆಗೆ ನಾನು ರಾಣಿ. ಆಮೇಲೆ ಬ್ರೆಡ್ಡು ಕೊಯ್ಯುವ ಚಾಕು ಹಿಡಿದು ಕೊರೆಯಲು ಶುರುಮಾಡಿದೆ. ಅದು ಮಾಡಿದ ಸದ್ದು ದೇವರಿಗೇ ಪ್ರೀತಿ.

ಬಡಗಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಯಾರ ಕತ್ತು ಕುಯ್ಯುತ್ತಿದ್ದೀರಿ ಎಂದು ಕೇಳಿದ. ಹಲಗೆಯ ಮೇಲಿನ ಬಂದೂಕಿನ ಗೆರೆ ಕಂಡು ಮುಖ ಗಂಟಿಕ್ಕಿದ. ಆಗ ಬುಗುರಿ ಅವನ ಮುಂದೆ ಹೋಗಿ, ಇದು ಆಟಕ್ಕಲ್ಲ, ನಮ್ಮ ಪಾಪುವನ್ನು ಕಾಯುವುದಕ್ಕೆ, ಹೋದ ಸಲದ ಪಾಪು ಸತ್ತುಹೋಯಿತು ಎಂದು ನಾನು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಅವನು ಕಿವಿಯ ಮೇಲಿದ್ದ ಪೆನ್ಸಿಲ್ಲು ತೆಗೆದ, ಮತ್ತೆ ಕಿವಿಗಿಟ್ಟ. ಮೆಟ್ಟಿಲಿಳಿದು ಹೋದ.

ಹೋದ ಎಂದುಕೊಂಡರೆ ಗರಗಸ, ಉಳಿ, ಕೈಬೈರಿಗೆ ಎಲ್ಲ ಹೊತ್ತು ವಾಪಸು ಬಂದ.

"ನಾನು ಮಾಡಲ್ಲ. ನೀವೇ ಮಾಡಿ. ಬೆರಳು ಕುಯ್ಕೊಳ್ಳದ ಹಾಗೆ ನೋಡ್ತಾ ಕೂತಿರ್ತೀನಿ, ಅಷ್ಟೇ."

ನಮೂನೆ ಎತ್ತಿ ನೋಡಿ, ಹಿಡಿ ಇದೆ, ನಳಿಗೆ ಇದೆ, ಕುದುರೆ ಎಲ್ಲಿ ಎಂದ. ಬೆರಳಲ್ಲಿ ಎಳೆಯುವ ಕೊಕ್ಕೆಗೆ ಬಂದೂಕಿನವರು ಕುದುರೆ ಎನ್ನುತ್ತಾರೆಂದು ನನಗೂ ಗೊತ್ತು, ಆದರೆ ಬುಗುರಿಗೆ ಗೊತ್ತಿರಲಿಲ್ಲ. ಬಂದೂಕಿನೊಳಗೆ ಕುದುರೆ ಇರುತ್ತದೆಂದು ಕೇಳಿ ಅವಳ ಕಣ್ಣು ಬಟ್ಟಲಾದವು. ಎಷ್ಟು ದೊಡ್ಡದು, ಏನು ತಿನ್ನುತ್ತದೆ, ಬಾಲ ಎಲ್ಲಿ ಹೋಗುತ್ತದೆ ಎಂದು ಪ್ರಶ್ನೆಯ ಸುರಿಮಳೆ. ಬರೀ ಕೊಕ್ಕೆ ಕಣಮ್ಮ ಎಂದರೂ ಕೇಳಲಿಲ್ಲ. ಕುದುರೆ ಎಂದ ಮೇಲೆ ಕುದುರೆಯೇ ಬೇಕು.

ಬಡಗಿ ನಗುವುದನ್ನು ಇವತ್ತೇ ಮೊದಲು ನೋಡಿದ್ದು. ಮುಂದಿನ ಹಲ್ಲೊಂದು ಇಲ್ಲ.

ಫೆಬ್ರವರಿ 15, ಭಾನುವಾರ

ಹಿಡಿ ಕತ್ತರಿಸಿದೆ! ನಾನೇ!

ಮೊದಲು ಗರಗಸ ಹಟಮಾರಿ ಎತ್ತಿನ ಹಾಗೆ ನಿಂತಲ್ಲೇ ನಿಂತಿತ್ತು. ಒತ್ತಬೇಡಿ, ಅದಕ್ಕೇ ಕೊಯ್ಯಲು ಬಿಡಿ ಎಂದ ಬಡಗಿ. ಯಂತ್ರಕ್ಕೆ ಬಟ್ಟೆ ಕೊಡುವುದೂ ಹಾಗೇ ಅಲ್ಲವೇ, ತಳ್ಳಿದರೆ ಸುಕ್ಕು ಬೀಳುತ್ತದೆ. ಆ ಯೋಚನೆ ಬಂದದ್ದೇ ತಡ, ಸರ್ರ್ ಸರ್ರ್ ಎಂದು ಗೆರೆಯ ಮೇಲೇ ಓಡಿತು. ಮರದ ಹುಡಿಗೆ ಇಂಥ ಸಿಹಿ ವಾಸನೆ ಇರುತ್ತದೆಂದು ಗೊತ್ತೇ ಇರಲಿಲ್ಲ. ಕೂದಲಲ್ಲಿ, ರೆಪ್ಪೆಯಲ್ಲಿ, ಚಹಾದ ಲೋಟದಲ್ಲಿ ಎಲ್ಲ ಅದೇ.

ಬುಗುರಿ ಉಪ್ಪುಕಾಗದದಲ್ಲಿ ಉಜ್ಜಿದ್ದೇ ಉಜ್ಜಿದ್ದು. ಕಣ್ಣು ಮುಚ್ಚಿ ಕೆನ್ನೆಗೆ ತಾಗಿಸಿಕೊಂಡು, ಇಲ್ಲಿ ಇನ್ನೂ ಚುಚ್ಚುತ್ತದೆ, ಇಲ್ಲಿ ಆಯಿತು ಎಂದು ಹೇಳುತ್ತಾಳೆ. ಒಂದೇ ಜಾಗದಲ್ಲಿ ಇಡೀ ಮಧ್ಯಾಹ್ನ ಕೂತಿದ್ದಳು. ಯಾರಿಗಾದರೂ ಹೇಳಿದರೆ ನಂಬುವುದಿಲ್ಲ.

ಇನ್ನು ನಳಿಗೆ ಕೂರಿಸಬೇಕು. ಮೈಯಲ್ಲಿ ಏನೋ ಉಮೇದು ಹೊಕ್ಕ ಹಾಗಾಗಿದೆ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಫೆಬ್ರವರಿ 17, ಮಂಗಳವಾರ

ಸೀಳಿತು.

ಅವಸರಗೇಡಿ ನಾನು. ತೂತು ಕೊರೆಯದೆ ಮೊಳೆ ಹೊಡೆದೆ. ಟಪ್ಪೆಂದು ಹಿಡಿಯ ಉದ್ದಕ್ಕೂ ಬಿರುಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಣಮರವೂ ಆ ಸಾಲಿಗೇ ಸೇರಬೇಕು. ಬುಗುರಿ ಶಾಲೆಯಿಂದ ಬಂದು ನೋಡಿದಳು, ಅಳಲಿಲ್ಲ. ಬಿರುಕಿನ ಮೇಲೆ ಬೆರಳಾಡಿಸಿದಳು. ಅತ್ತಿದ್ದರೇ ವಾಸಿಯಿತ್ತು.

ಬೇರೆ ಹಲಗೆ ಕೊಡುತ್ತೇನೆ, ಮೊದಲಿಂದ ಮಾಡಿ ಎಂದ ಬಡಗಿ. ನಾನು ಒಪ್ಪಲಿಲ್ಲ. ಹರಿದದ್ದನ್ನೆಲ್ಲ ಎಸೆಯುವ ಹಾಗಿದ್ದರೆ ನನ್ನ ಅಂಗಡಿ ಎಂದೋ ಮುಚ್ಚಬೇಕಿತ್ತು. ಬಿರುಕಿಗೆ ಅಂಟು ತುಂಬಿದೆ. ಎರಡೂ ಬದಿಗೆ ಸಣ್ಣ ಬೈರಿಗೆಯಿಂದ ಸಾಲಾಗಿ ತೂತು ಕೊರೆದೆ. ಚೀಲ ಹೊಲಿಯುವ ದಪ್ಪ ದಾರಕ್ಕೆ ಮೇಣ ಉಜ್ಜಿ, ದಬ್ಬಳದಲ್ಲಿ ಅಡ್ಡ ಹೊಲಿಗೆ ಹಾಕಿ ಬಿಗಿದೆ. ಮರ ಹೊಲಿದವರನ್ನು ಈ ಜನ್ಮದಲ್ಲಿ ಕಂಡಿರಲಿಲ್ಲ ಎಂದರು ಬಡಗಿ. ಹಿಡಿದು ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ.

ಬುಗುರಿಗೆ ಈಗ ಅದು ಮೊದಲಿಗಿಂತ ಇಷ್ಟವಂತೆ. ಗಾಯ ಆಗಿ ವಾಸಿಯಾದ ಬಂದೂಕಂತೆ.

ಫೆಬ್ರವರಿ 18, ಬುಧವಾರ

ತಂಗಿಯ ಕೈ ಹಿಡಿದು ಕೂತಿದ್ದೆ. ಬೊಬ್ಬೆ ಮುಟ್ಟಿ ಏನಕ್ಕಾ ಇದು ಎಂದಳು. ಹೇಳಿದೆ. ಅತ್ತಳು, ನಕ್ಕಳು, ಮತ್ತೆ ಅತ್ತಳು.

ಫೆಬ್ರವರಿ 20, ಶುಕ್ರವಾರ

ಕುದುರೆ ಹುಟ್ಟಿತು!

ಕೊಕ್ಕೆಯ ಬದಲು ಕುದುರೆಯ ತಲೆಯನ್ನೇ ಎರಡು ದಿನ ಸಣ್ಣ ಚಾಕು ಹಿಡಿದು ಕೆತ್ತಿದೆ. ಕಿವಿ ಸ್ವಲ್ಪ ಉದ್ದವಾಯಿತು, ಮೂತಿ ಸ್ವಲ್ಪ ಮೊಂಡ. ಇದು ಕುದುರೆಯೋ ಕತ್ತೆಯೋ ಎಂದು ಬಡಗಿ ಮೆಲ್ಲಗೆ ನನಗೆ ಮಾತ್ರ ಕೇಳುವಂತೆ ಅಂದರು. ಬುಗುರಿಯ ಕಿವಿ ಬಿಡುತ್ತದೆಯೇ! ಕತ್ತೆಯಾದರೂ ಪರವಾಗಿಲ್ಲ, ಕತ್ತೆ ಇನ್ನೂ ಜೋರಾಗಿ ಒದೆಯುತ್ತದೆ ಎಂದಳು. ಅವರು ನಕ್ಕು ನಕ್ಕು ಕೆಮ್ಮಿದರು.

ತಲೆಯ ಬುಡಕ್ಕೆ ಒಂದು ಮೊಳೆ, ಅದರ ಮೇಲೆ ಕುದುರೆ ತಿರುಗುತ್ತದೆ. ಅದನ್ನು ಮುಂದಕ್ಕೆ ಎಳೆದಿಡಲು ಲಂಗಕ್ಕೆ ಹಾಕುವ ಎಲಾಸ್ಟಿಕ್. ಹಿಂದೆಳೆದು ಬಿಟ್ಟರೆ ಕುದುರೆ ಮುಂದಕ್ಕೆ ನೆಗೆದು ಹಿಡಿಗೆ ಬಡಿಯುತ್ತದೆ. ಟಕ್! ನಾನು ಬಿಟ್ಟೆ, ಬುಗುರಿ ಬಿಟ್ಟಳು, ಅವರೂ ಬಿಟ್ಟರು, ಮತ್ತೆ ನನ್ನ ಸರದಿ. ಬಟ್ಟೆ ಒಯ್ಯಲು ಬಂದ ಗಿರಾಕಿಯೂ ಒಮ್ಮೆ ಬಿಟ್ಟು ಹೋದರು. ಜಾಕೀಟಿನ ಗುಂಡಿ ಹಾಕಿಲ್ಲವೆಂದು ಬೈಯುವುದನ್ನೇ ಮರೆತರು.

ಫೆಬ್ರವರಿ 22, ಭಾನುವಾರ

ಬೆಳಿಗ್ಗೆ ಬಂದೂಕಿಗೆ ಎಣ್ಣೆ ಹಚ್ಚುತ್ತಿದ್ದಾಗ ಫೋನು ಬಂತು. ಒತ್ತಡ ಇಳಿಯುತ್ತಿಲ್ಲ, ಇನ್ನು ಕಾಯುವಂತಿಲ್ಲ, ಆಪರೇಷನ್ ಮಾಡುತ್ತೇವೆ ಎಂದರು. ಎಣ್ಣೆಗೈಯಲ್ಲೇ ಓಡಿದೆ. ಬುಗುರಿಯನ್ನು ಬಡಗಿಯವರ ಹತ್ತಿರ ಬಿಟ್ಟೆ.

ಮಗು ಹುಟ್ಟಿದೆ. ಗಂಡು. ತಂಗಿ ಕ್ಷೇಮ. ಕೂಸು ನನ್ನ ದೊಡ್ಡ ಕತ್ತರಿ ಎರಡಿದ್ದಷ್ಟು ಭಾರವೂ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ಕೊಳವೆ ಹಾಕಿದ್ದಾರೆ. ಬಾಯಿ ತೆರೆಯುತ್ತದೆ, ಸದ್ದು ಬರುವುದಿಲ್ಲ. ಅವನಪ್ಪ ರೈಲಿನ ಸಮವಸ್ತ್ರದಲ್ಲೇ ಬಂದು ಗಾಜಿಗೆ ಹಣೆ ಹಚ್ಚಿ ನಿಂತವನು ಅಲ್ಲಾಡಲಿಲ್ಲ.

ಮನೆಗೆ ಬಂದಾಗ ಬುಗುರಿ ಕೇಳಿದ್ದು ಒಂದೇ: ಬಾಗಿಲು ಎಷ್ಟು?

ಫೆಬ್ರವರಿ 23, ಸೋಮವಾರ

ಶಾಲೆ ಬಿಟ್ಟ ಕೂಡಲೇ ಹೊರಟೆವು. ನೀಲಿ ಅರಿವೆಯಲ್ಲಿ ಹೊಲಿದ ಪಟ್ಟಿ, ಅದರಲ್ಲಿ ತೂಗುವ ಬಂದೂಕು, ಅದರ ಕೆಳಗೆ ಬುಗುರಿ. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾನು ಹಿಗ್ಗಿ ಹೀರೇಕಾಯಿ.

ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ಅಡ್ಡಗಟ್ಟಿದ. ಇಂಥದ್ದೆಲ್ಲ ಒಳಗೆ ಬಿಡುವುದಿಲ್ಲ, ಇಲ್ಲೇ ಇಟ್ಟು ಹೋಗಿ ಎಂದ. ನಾನು ಆಟಿಕೆಯಪ್ಪಾ ಎನ್ನಲು ಹೊರಟೆ, ಬುಗುರಿ ನನ್ನನ್ನು ಹಿಂದಕ್ಕೆ ತಳ್ಳಿದಳು.

"ಮಾಮ, ನೀವೂ ಕಾವಲಿನವರೇ ಅಲ್ವಾ? ನಿಮ್ಮ ಬಂದೂಕೆಲ್ಲಿ?"

ಅವನು ಕೈಯಲ್ಲಿದ್ದ ಕೋಲು ನೋಡಿಕೊಂಡ. ಕೊಟ್ಟಿಲ್ಲ ಎಂದ. ಅವಳು ಬಹಳ ಮರುಕದಿಂದ ಅವನನ್ನು ನೋಡಿದಳು. ಕೊನೆಗೆ ಅವನು ಬಂದೂಕು ಇಸಿದುಕೊಂಡು ತಿರುಗಿಸಿ ನೋಡಿ, ಹೊಲಿಗೆ ಮುಟ್ಟಿ, ಕುದುರೆಯನ್ನು ಒಮ್ಮೆ ಟಕ್ ಅನ್ನಿಸಿ, ತೀರ್ಪು ಕೊಟ್ಟ: ಬಂದೂಕು ಹೋಗಬಹುದು, ಕುದುರೆ ಸದ್ದು ಮಾಡುವಂತಿಲ್ಲ, ಒಳಗೆ ಕಾಯಿಲೆಯವರಿದ್ದಾರೆ. ಎಲಾಸ್ಟಿಕ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಒಳಗೆ ಹೋಗುತ್ತಾ, ಕುದುರೆ ಈಗ ನಿದ್ದೆ ಮಾಡುತ್ತಿದೆ ಎಂದು ನನಗೆ ವರದಿ ಒಪ್ಪಿಸಿದಳು.

ಫೆಬ್ರವರಿ 26, ಗುರುವಾರ

ಕೂಸುಗಳ ಕೋಣೆಗೆ ಮಕ್ಕಳನ್ನು ಬಿಡುವುದಿಲ್ಲ. ಆದರೆ ಓಣಿಯ ಕಡೆ ಒಂದು ಗಾಜಿನ ಕಿಟಕಿ ಇದೆ. ಅದರ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಬುಗುರಿ ದಿನಾ ಸಂಜೆ ನಿಲ್ಲುತ್ತಾಳೆ. ಅಲ್ಲಾಡುವುದಿಲ್ಲ, ಕೂರುವುದಿಲ್ಲ. ಯಾರಾದರೂ ಒಳಗೆ ಹೋದರೆ ಕೈ ತೊಳೆದಿರಾ ಎಂದು ಕೇಳುತ್ತಾಳೆ. ಇವತ್ತು ಒಬ್ಬ ಡಾಕ್ಟರು ವಾಪಸು ಹೋಗಿ ತೊಳೆದುಕೊಂಡು ಬಂದರು. ಕಾವಲು ಎಂದರೆ ಇದು ಎಂದು ದೊಡ್ಡ ನರ್ಸಮ್ಮ ನಕ್ಕರು. ಹೊಲಿಗೆ ಗೊತ್ತಿದೆಯಂತಲ್ಲ, ಈ ಕೂಸುಗಳಿಗೆ ಸರಿಹೊಂದುವ ಟೋಪಿ ಎಲ್ಲೂ ಸಿಗುವುದಿಲ್ಲ ಎಂದು ನನ್ನ ಕಡೆ ತಿರುಗಿದರು.

ಬಂದು ಮೆತ್ತನೆಯ ಬಟ್ಟೆಯಲ್ಲಿ ಹೊಲಿಯಲು ಕೂತೆ. ಕಿತ್ತಳೆ ಹಣ್ಣಿನ ಗಾತ್ರದ ಟೋಪಿ. ಒಂದು ಹೊಲಿದು ನಿಲ್ಲಿಸಲಾಗಲಿಲ್ಲ. ಆ ಕೋಣೆಯಲ್ಲಿ ಎಷ್ಟು ಕೂಸುಗಳಿವೆಯೋ ಎಲ್ಲಕ್ಕೂ ಆಯಿತು.

ಮಾರ್ಚ್ 2, ಸೋಮವಾರ

ಕೂಸಿಗೆ ಸೋಂಕು. ಉಸಿರು ನಿಂತು ನಿಂತು ಬರುತ್ತಿದೆಯಂತೆ. ಏನೂ ಹೇಳಲಾರೆವು, ನಾಳೆ ನೋಡೋಣ ಎಂದರು. ತಂಗಿ ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ.

ಬುಗುರಿಗೆ ಹೇಳಿದೆ. ಈ ಸಲ ಬಚ್ಚಿಡಲಿಲ್ಲ.

ಮಾರ್ಚ್ 3, ಮಂಗಳವಾರ

ಬುಗುರಿಗೆ ಇವತ್ತು ಪರೀಕ್ಷೆ. ಹೋಗುವುದಿಲ್ಲ ಎಂದು ಬಾಗಿಲು ಹಿಡಿದು ನಿಂತಳು. ಅವರಪ್ಪ ಹೇಳಿದರೂ ಕೇಳಲಿಲ್ಲ. ಕಾವಲಿನವರು ಸರದಿ ಬದಲಾಯಿಸುತ್ತಾರೆ, ರೈಲಿನವರೂ ಬದಲಾಯಿಸುತ್ತಾರೆ, ಈಗ ನನ್ನ ಸರದಿ ಎಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬಂದೂಕಿನ ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿ ಹೇಳಿಕೊಟ್ಟಳು: "ಕಾಲು ಜೋಡಿಸ್ಬೇಕು. ಅಳಬಾರದು. ಯಾರಾದ್ರೂ ಮಾತಾಡ್ಸಿದ್ರೆ ಬಂದೂಕು ಕೆಳಗಿಡಬಾರದು."

ಹಾಗೇ ನಿಂತೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ನರೆಗೂದಲಿನ ದರ್ಜಿ ಹೆಂಗಸು, ಹೆಗಲಲ್ಲಿ ಮರದ ಬಂದೂಕು, ಆಸ್ಪತ್ರೆಯ ಓಣಿಯಲ್ಲಿ. ಸ್ಟ್ರೆಚರು ತಳ್ಳುವವರು ನೋಡಿದರು. ನನ್ನ ಗಿರಾಕಿಯೊಬ್ಬರು ಯಾರನ್ನೋ ನೋಡಲು ಬಂದವರು ನನ್ನನ್ನು ಕಂಡು ನಿಂತೇಬಿಟ್ಟರು. ಡಾಕ್ಟರುಗಳು ಅವಸರದಲ್ಲಿ ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಹೋದರು. ನಾಚಿಕೆ ಎಂಬುದು ಆ ಕಡೆ ಸುಳಿಯಲೇ ಇಲ್ಲ. ಬಂದೂಕನ್ನು ಬಿಗಿಹಿಡಿದು ಒಳಗೆ ಆ ಟೋಪಿಯ ಕೆಳಗಿನ ಪುಟ್ಟ ಎದೆಯನ್ನೇ ನೋಡುತ್ತಿದ್ದೆ. ಅದು ಮೇಲೇರಿದರೆ ನಾನೂ ಉಸಿರು ತೆಗೆದುಕೊಂಡೆ, ಇಳಿದ ಮೇಲೆ ಬಿಟ್ಟೆ. ಬರುವವನಿದ್ದರೆ ಬರಲಿ, ನನ್ನ ಮೇಲೆ ಹಾದು ಹೋಗಲಿ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ.

ಗೇಟಿನ ವಾಚ್‌ಮನ್ ಯಾವಾಗ ಮೇಲೆ ಬಂದನೋ ಗೊತ್ತಿಲ್ಲ. ತನ್ನ ಕುರ್ಚಿಯನ್ನು ನನ್ನ ಪಕ್ಕದಲ್ಲಿಟ್ಟ. ನಾನು ಕೂರಲಿಲ್ಲ. ಅವನೂ ಕೂರಲಿಲ್ಲ. ಕೋಲು ಹಿಡಿದು ಕಿಟಕಿಯ ಆ ಬದಿಗೆ ಸ್ವಲ್ಪ ಹೊತ್ತು ನಿಂತು, ಗೇಟಿಗೆ ಹೋದ.

ಬುಗುರಿ ಪರೀಕ್ಷೆ ಮುಗಿಸಿ ಬಡಗಿಯವರ ಕೈ ಹಿಡಿದು ಓಡಿಬಂದಳು. ಪಟ್ಟಿ ಬಿಚ್ಚಿ ಅವಳ ಹೆಗಲಿಗೆ ಹಾಕಿದ ಮೇಲೆ ವಾಚ್‌ಮನ್ ಬಿಟ್ಟುಹೋದ ಕುರ್ಚಿಗೆ ಕೈ ಚಾಚಿದೆ. ಬಡಗಿಯವರು ತೋಳು ಹಿಡಿದು ಕೂರಿಸಿದರು.

ಮಾರ್ಚ್ 5, ಗುರುವಾರ

ಜ್ವರ ಇಳಿದಿದೆ. ಉಸಿರು ತಪ್ಪುತ್ತಿಲ್ಲ. ಔಷಧಿ ಹಿಡಿದಿದೆ ಎಂದರು ಡಾಕ್ಟರು. ಬುಗುರಿ, ಹ್ಞಾಂ, ಗೊತ್ತು ಎಂದಳು.

ಮಾರ್ಚ್ 15, ಭಾನುವಾರ

ಕೊಳವೆ ತೆಗೆದರು! ತಂಗಿ ಅವನನ್ನು ಎದೆಗೆ ಒತ್ತಿಕೊಂಡು ಕೂತಿದ್ದಾಳೆ. ಕಿಟಕಿಯಾಚೆ ನಾವು: ಬುಗುರಿ, ಅವಳಪ್ಪ, ನಾನು, ಬಡಗಿಯವರು. ಅವರು ಯಾಕೆ ಬಂದರೆಂದು ಯಾರೂ ಕೇಳಲಿಲ್ಲ. ಒಗೆದ ಅಂಗಿ ಹಾಕಿದ್ದರು. ತೋಳು ಒಂದಿಷ್ಟು ಉದ್ದವಾಗಿತ್ತು, ನಾಳೆ ಸರಿಮಾಡಿ ಕೊಡಬೇಕು.

ಮಾರ್ಚ್ 29, ಭಾನುವಾರ

ಮೂರು ದಿನದ ಹಿಂದೆ ತಂಗಿ, ಕೂಸು, ಬುಗುರಿ ಎಲ್ಲರೂ ತಮ್ಮ ಮನೆಗೆ ಹೋದರು. ಬುಗುರಿಯ ಬಟ್ಟೆ ನಾನೇ ಮಡಚಿ ಚೀಲಕ್ಕೆ ತುಂಬಿ ಕಳಿಸಿದೆ. ಈಗ ನನ್ನ ಮನೆಯಲ್ಲಿ ಟೇಪು ಇಟ್ಟ ಕಡೆಯೇ ಇರುತ್ತದೆ. ಅದನ್ನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ.

ಇವತ್ತು ನೋಡಿಕೊಂಡು ಬರೋಣವೆಂದು ಹೊರಟೆ. ಬೀದಿಯ ತುದಿಗೇ ಕೇಳಿಸಿತು. ಕೂಗು ಎಂದರೆ ಅಂಥಿಂಥ ಕೂಗಲ್ಲ! ಒಳಗೆ ಹೋದರೆ ರೈಲಿನ ಶಿಳ್ಳೆಗೇ ಕಿವಿ ಒಗ್ಗಿಸಿಕೊಂಡ ಅವನಪ್ಪ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಾನೆ. ತಂಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದಾಳೆ, ಕಣ್ಣಲ್ಲಿ ನಿದ್ದೆಯಿಲ್ಲ, ಮುಖದಲ್ಲಿ ನಗು. ಕೂಸಿನ ಮುಖ ಟೊಮೆಟೊ ಹಣ್ಣು. ಟೋಪಿ ಆಗಲೇ ಬಿಗಿಯಾಗುತ್ತಿದೆ.

ಬುಗುರಿ ನೆಲದ ಮೇಲೆ ಕಾಲು ಚಾಚಿ ಚಿತ್ರ ಬಿಡಿಸುತ್ತಿದ್ದಳು. ಬಂದೂಕು ಕಾಣಲಿಲ್ಲ. ಸುತ್ತ ನೋಡಿದೆ. ಬೀರುವಿನ ಮೇಲೆ, ಹಳೆಯ ಕೊಡೆಯ ಪಕ್ಕದಲ್ಲಿತ್ತು, ಕುದುರೆಯ ಉದ್ದ ಕಿವಿ ಮಾತ್ರ ಇಣುಕುತ್ತಿತ್ತು. ಒಳಗೊಳಗೇ ಸ್ವಲ್ಪ ಚುರುಕ್ಕೆಂದಿತು, ಸುಳ್ಳು ಯಾಕೆ ಹೇಳಲಿ. ಕಾವಲು ಬಿಟ್ಟೆಯಾ ಎಂದು ಕೇಳಿದೆ.

ಅವಳು ಚಿತ್ರದಿಂದ ತಲೆಯೆತ್ತಲಿಲ್ಲ.

"ಇನ್ನು ಬೇಡ ದೊಡ್ಡಮ್ಮ. ಈಗ ಅವನಿಗೇ ಕೂಗೋಕೆ ಬರತ್ತೆ."